ಹೊಸ ಫೋನ್ ಪಾಸು, ಹಳೇ ಟಿ.ವಿ.ಗೆ ಪರೀಕ್ಷೆಯೇ ಇಲ್ಲ!

ಚಾರ್ಜರ್ ಬಾಕ್ಸಿನ ಮೂಲೆಯಲ್ಲಿ ಸಣ್ಣದಾಗಿ ‘ಆರ್‌ಒಎಚ್‌ಎಸ್’ ಎಂದು ಬರೆದಿರುವುದನ್ನು ನೋಡಿದ್ದೀರಾ? ವಾರಂಟಿ ಕಾರ್ಡನ್ನೇ ಓದದ ನಾವು ಇದನ್ನೆಲ್ಲಿ ಓದುತ್ತೇವೆ ಬಿಡಿ! ಹಳಿಯಾಳದಲ್ಲಿ ಎಲೆಕ್ಟ್ರಾನಿಕ್ಸ್ ಬಿ.ಇ. ಓದುತ್ತಿರುವ ನಾನು ಆ ನಾಲ್ಕು ಅಕ್ಷರಗಳ ಬೆನ್ನು ಹತ್ತಿದೆ.

ಎಲೆಕ್ಟ್ರಾನಿಕ್ ವಸ್ತುಗಳಲ್ಲಿ ಅಪಾಯಕಾರಿ ಪದಾರ್ಥಗಳಿಗೆ ಮಿತಿ ಹಾಕುವ ನಿಯಮವಿದು. ಯುರೋಪಿನಲ್ಲಿ 2006ರ ಜುಲೈ 1ರಿಂದ, ನಮ್ಮಲ್ಲಿ 2014ರ ಮೇ 1ರಿಂದ ಜಾರಿಯಲ್ಲಿದೆ. ಸೀಸ, ಪಾದರಸ, ಹೆಕ್ಸಾವೇಲೆಂಟ್ ಕ್ರೋಮಿಯಂ ಹಾಗೂ ಪ್ಲಾಸ್ಟಿಕ್ ಬೇಗ ಹೊತ್ತಿಕೊಳ್ಳದಿರಲೆಂದು ಬೆರೆಸುವ ಪಿಬಿಬಿ, ಪಿಬಿಡಿಇ ಎಂಬ ಬ್ರೋಮಿನ್ ರಾಸಾಯನಿಕಗಳು ತೂಕದಲ್ಲಿ ಶೇ 0.1 ಮೀರಬಾರದು. ಕ್ಯಾಡ್ಮಿಯಂಗೆ ಮಿತಿ ಶೇ 0.01.

ಈ ಲೆಕ್ಕ ಇಡೀ ಫೋನಿನ ತೂಕಕ್ಕಲ್ಲ, ಅದರೊಳಗಿನ ಒಂದೊಂದು ಪದಾರ್ಥಕ್ಕೂ ಪ್ರತ್ಯೇಕ. ಮದುವೆ ಊಟದಲ್ಲಿ ಸಾರು ಉಪ್ಪಾದರೆ, ‘ಪಾಯಸದಲ್ಲಿ ಉಪ್ಪಿಲ್ಲ, ಒಟ್ಟು ಸರಿಹೋಯಿತು’ ಎಂದರೆ ಒಪ್ಪುತ್ತೀರಾ? ಹಾಗೆಯೇ ಒಂದು ಬೆಸುಗೆಯ ಚುಕ್ಕೆಯೂ ತಾನೇ ಪಾಸಾಗಬೇಕು.

ಪರೀಕ್ಷೆ ಎರಡು ಹಂತದ್ದು. ಮೊದಲು ಎಕ್ಸ್-ರೇ ಹಾಯಿಸುವ ಎಕ್ಸ್‌ಆರ್‌ಎಫ್ ಯಂತ್ರ ಕೆಲವೇ ನಿಮಿಷಗಳಲ್ಲಿ ಯಾವ ಧಾತು ಎಷ್ಟಿದೆ ಎಂದು ಅಂದಾಜು ಹೇಳುತ್ತದೆ. ಆದರೆ ‘ಬ್ರೋಮಿನ್ ಇದೆ’ ಎನ್ನಬಲ್ಲದೇ ಹೊರತು, ಅದು ನಿಷೇಧಿತ ಪಿಬಿಡಿಇಯೋ ಬೇರೆ ರಾಸಾಯನಿಕವೋ ಎಂದು ಅದಕ್ಕೆ ಗೊತ್ತಾಗದು. ಆಗ ಪ್ಲಾಸ್ಟಿಕ್ ತುಣುಕನ್ನು ದ್ರಾವಕದಲ್ಲಿ ನೆನೆಸಿ, ಜಿಸಿ-ಎಂಎಸ್ ಯಂತ್ರದಲ್ಲಿ ಬಿಡಿಸಿ ನೋಡಬೇಕು. ಹೈದರಾಬಾದಿನ ಸಿ-ಮೆಟ್ ಸಂಸ್ಥೆಯಲ್ಲಿ ಇಂಥ ಪ್ರಯೋಗಾಲಯವಿದೆ.

ಇಷ್ಟೆಲ್ಲ ನಡೆಯುವುದು ವಸ್ತು ಮಾರುಕಟ್ಟೆಗೆ ಬರುವ ಹೊತ್ತಿಗೆ. ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡದಂಥ ನಮ್ಮ ಊರುಗಳ ಕಥೆ ಶುರುವಾಗುವುದೇ ಆಮೇಲೆ. ರಿಪೇರಿಗೆ ಬಳಸುವ 60/40 ಬೆಸುಗೆ ತಂತಿಯಲ್ಲಿ 40 ಭಾಗ ಸೀಸವೇ. ಅಂದರೆ ಮಿತಿಯ 400 ಪಟ್ಟು! ಕಡಿಮೆ ಶಾಖಕ್ಕೇ ಕರಗುವುದರಿಂದ ಕೆಲಸ ಸುಲಭ. ಹೀಗೆ ಪಾಸಾದ ಫೋನಿಗೂ ಸೀಸ ವಾಪಸ್ ಬರುತ್ತದೆ. ಇನ್ನು 2014ಕ್ಕೆ ಮುಂಚಿನ ಡಬ್ಬಾ ಟಿ.ವಿ.ಗಳಿಗೆ ಈ ಪರೀಕ್ಷೆಯೇ ಇರಲಿಲ್ಲ. ಅವುಗಳ ಪಿಕ್ಚರ್ ಟ್ಯೂಬ್ ಗಾಜಿನಲ್ಲೂ ಸೀಸವಿದೆ. ಅವು ಸೇರುವುದು ಗುಜರಿಗೆ. ತಾಮ್ರದ ಆಸೆಗೆ ವೈರ್ ಸುಟ್ಟರೆ ಡಯಾಕ್ಸಿನ್‌ನಂಥ ವಿಷ ಹೊಗೆಯಲ್ಲಿ ಹೊರಬರುತ್ತದೆ. ಒಡೆದು ಬಿಸಾಡಿದ್ದು ನಮ್ಮ ಮಳೆಗೆ ಮಣ್ಣು ಸೇರಿ, ಹಳ್ಳ ಸೇರಿ, ಕೊನೆಗೆ ಕಾಳಿ ನದಿಯವರೆಗೂ ಹೋಗಬಹುದು.

ನಮ್ಮೂರಿಗೆ ಜಿಸಿ-ಎಂಎಸ್ ತರುವುದು ನನ್ನಿಂದಾಗದು, ಸರಿ. ಆದರೆ ಸೋಲ್ಡರಿಂಗ್ ಮಾಡಿದ ಕೈಯನ್ನು ಊಟಕ್ಕೆ ಮುಂಚೆ ಸೋಪು ಹಾಕಿ ತೊಳೆಯಬಹುದು. ತಂತಿಯ ಲೇಬಲ್ ಓದಿ ಸೀಸವಿಲ್ಲದ್ದನ್ನು ಕೇಳಬಹುದು. ವೈರ್ ಸುಡುವವರಿಗೆ ಸಿಪ್ಪೆ ಸುಲಿದು ತಾಮ್ರ ತೆಗೆಯಲು ಹೇಳಬಹುದು. 2023ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ಇ-ತ್ಯಾಜ್ಯ ನಿಯಮದಂತೆ ಮರುಬಳಕೆಯ ಹೊಣೆ ತಯಾರಕರದ್ದು. ಹಾಗಾಗಿ ಫೋನ್ ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎನ್ನುವುದರ ಜೊತೆಗೆ, ‘ಹಳೆಯದನ್ನು ಎಲ್ಲಿ ತಗೋತೀರಿ?’ ಎಂದೂ ಕೇಳೋಣ. ನಾಲ್ಕು ತಾಲ್ಲೂಕಿನ ಹುಡುಗ ಹುಡುಗಿಯರೆಲ್ಲ ಕೇಳತೊಡಗಿದರೆ ಅಂಗಡಿಯವರೂ ಉತ್ತರ ಹುಡುಕಲೇಬೇಕಲ್ಲ!