ಮಗುವಿನ ಮಗ್ಗುಲಿಗೆ ಒಬ್ಬರು

ಕಲಬುರಗಿ ಜಿಲ್ಲೆಯ ಆಳಂದದ ಸಭಾಂಗಣ. ಹಳೆಯ ಫ್ಯಾನುಗಳ ಸದ್ದಿಗೆ ಸೋತು ಮೈಕನ್ನು ಆಗಲೇ ಬದಿಗಿಟ್ಟಾಗಿದೆ. ಜಮಖಾನೆಯ ಮೇಲೆ ಅಂಗನವಾಡಿ ಕಾರ್ಯಕರ್ತೆಯರು, ಆಶಾಗಳು, ಡಿಗ್ರಿ ಮುಗಿಸಿ ಊರಲ್ಲೇ ಉಳಿದ ಹುಡುಗಿಯರು, ಗೋಡೆಗೆ ಒರಗಿದ ನಿವೃತ್ತ ಮಾಸ್ತರರು. ನಡುವೆ ಇಬ್ಬರು ಎದುರುಬದುರು ಕೂತಿದ್ದಾರೆ. ಅಭಿನಯದಲ್ಲಿ ಒಬ್ಬಾಕೆ ನೊಂದ ಮಗು, ಇನ್ನೊಬ್ಬಾಕೆ ಅದರ ಜೊತೆ ಮಾತಾಡಬೇಕಾದವಳು.

"ಯಾಕ ತಂಗಿ, ಆಗಲೇ ಹೇಳಬಾರದಿತ್ತಾ?"

ತರಬೇತಿ ಕೊಡುವ ಅಕ್ಕ ಅಲ್ಲಿಗೇ ತಡೆಯುತ್ತಾರೆ. "ಹಂಗ ಕೇಳಿದ್ರ ತಪ್ಪೆಲ್ಲಾ ಕೂಸಿಂದೇ ಅಂದಂಗ ಆಗ್ತದ್ರಿ. ಹೇಳಿದ್ದು ಚಲೋ ಮಾಡ್ದಿ ಅನ್ರಿ. ಆಮ್ಯಾಲ ಸುಮ್ನ ಕೂಡ್ರಿ."

ಸುಮ್ಮನೆ ಕೂಡುವುದೇ ಎಲ್ಲಕ್ಕಿಂತ ಕಷ್ಟ. ಮಗುವಾಗಿ ಕೂತವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾಳೆ, ಬಿಚ್ಚುತ್ತಾಳೆ. ಎದುರಿನವಳ ತುಟಿಯ ಮೇಲೆ ಪ್ರಶ್ನೆ ಬಂದು ನಿಲ್ಲುತ್ತದೆ. ಏನಾಯ್ತು, ಯಾರು, ಎಷ್ಟು ಸಲ ಎಂದು ಊರೆಲ್ಲ ಕೇಳುವ ಪ್ರಶ್ನೆಗಳನ್ನು ನುಂಗಿಕೊಳ್ಳಲು ಕಲಿಯುವುದೇ ಈ ದಿನದ ದೊಡ್ಡ ಪಾಠ. ವಿಚಾರಣೆ ಪೊಲೀಸರದ್ದು, ತೀರ್ಪು ನ್ಯಾಯಾಧೀಶರದ್ದು. ಇವರದ್ದು ಮಗುವಿನ ಮಗ್ಗುಲು ಬಿಡದಿರುವ ಕೆಲಸ.

ಅದಕ್ಕೆ ಕಾನೂನಿನಲ್ಲೇ ಜಾಗವಿದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ವಿರುದ್ಧದ 2012ರ ಪೋಕ್ಸೊ ಕಾಯ್ದೆಯಡಿ ಪ್ರಕರಣ ದಾಖಲಾದರೆ ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ತನಿಖೆಯಿಂದ ವಿಚಾರಣೆ ಮುಗಿಯುವವರೆಗೂ ಜೊತೆಗಿರಲು ಸಮಿತಿ ಒಬ್ಬ ಬೆಂಬಲ ವ್ಯಕ್ತಿಯನ್ನು ಕೊಡಬಹುದು ಎಂದು 2020ರ ನಿಯಮಗಳು ಹೇಳುತ್ತವೆ. ಬೇಕೋ ಬೇಡವೋ ಎಂಬುದನ್ನು ಹೆತ್ತವರ ತೀರ್ಮಾನಕ್ಕೆ ಬಿಡಕೂಡದೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಬೆಂಬಲ ವ್ಯಕ್ತಿಗೆ ತಕ್ಕ ಓದು ಬೇಕು. ಅಷ್ಟು ಓದದವರಿಗೆ ಕಾನೂನು ಸೇವಾ ಪ್ರಾಧಿಕಾರದ ಅರೆಕಾನೂನು ಸ್ವಯಂಸೇವಕರಾಗುವ ದಾರಿಯಿದೆ. ಸಾಮಾನ್ಯರನ್ನು ಮಗುವಿನ ಜೊತೆ ನಿಲ್ಲಿಸುವ ಯೋಚನೆ ಬೇರೆಡೆಯೂ ಮೂಡಿತ್ತು: ಅಮೆರಿಕದ ಸಿಯಾಟಲ್‌ನಲ್ಲಿ ಡೇವಿಡ್ ಸೂಕಪ್ ಎಂಬ ನ್ಯಾಯಾಧೀಶರು, ಮಗುವಿನ ಬದುಕನ್ನೇ ಅರಿಯದೆ ಅದರ ಭವಿಷ್ಯ ತೀರ್ಮಾನಿಸುವುದು ಹೇಗೆಂದು ಕಳವಳಪಟ್ಟು, 1977ರಲ್ಲಿ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು ಮಕ್ಕಳ ಪರ ಮಾತಾಡಲು ಕರೆತಂದರು. ನಮ್ಮ ಜಿಲ್ಲೆಯೂ ಆ ಕಳವಳಕ್ಕೆ ಹೊರತಲ್ಲ.

ಮಹಾರಾಷ್ಟ್ರದ ಗಡಿಗೆ ಆತುಕೊಂಡ ಆಳಂದದಲ್ಲಿ ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ದಖನಿ ಉರ್ದು ಕೇಳಿಸುತ್ತವೆ. ತಾಂಡಾಕ್ಕೆ ಹೋದರೆ ಲಂಬಾಣಿ. ಹೆದರಿದ ಮಗು ಶಾಲೆಯ ಭಾಷೆ ಬಿಟ್ಟು ತಾಯಿಯ ಮಾತಿಗೆ ಮರಳುತ್ತದೆ. ಅಲ್ಲಿ ತಾಂಡಾದ ಹುಡುಗಿಯೊಬ್ಬಳ ನೆರವು ಹತ್ತು ಸುತ್ತೋಲೆಗಳಿಗಿಂತ ಹೆಚ್ಚು.

ತರಬೇತಿಯಲ್ಲಿ ಬಿಸಿ ಏರುವುದು ಗುಳೆಯ ಮಾತು ಬಂದಾಗ. "ಅವ್ವ ಅಪ್ಪ ಕಬ್ಬ ಕಡೀಲಾಕ ಹೋಗ್ಯಾರ, ಕೂಸು ಮುತ್ಯಾನ ಬಲ್ಲಿ ಅದ. ಇದಕ್ಕ ನಿರ್ಲಕ್ಷ್ಯ ಅಂತ ಬರೀಬೇಕೇನ್ರಿ?" ಎಂದು ಒಬ್ಬಾಕೆ ಕೇಳುತ್ತಾಳೆ. ಯಾರೂ ತಕ್ಷಣ ಉತ್ತರಿಸುವುದಿಲ್ಲ. ಬಡತನವನ್ನೇ ಅಪರಾಧವೆಂದು ಬರೆದರೆ ತೊಗರಿ ಸೀಮೆಯ ಅರ್ಧ ಊರು ಕಟಕಟೆ ಹತ್ತಬೇಕಾದೀತು. ಮಗುವನ್ನು ಬಾಲಮಂದಿರಕ್ಕೆ ಸೇರಿಸುವುದು ಕೊನೆಯ ದಾರಿ ಎಂದು 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ಹಾಗಾಗಿ ನೋಡಬೇಕಾದದ್ದು ಬೇರೆ: ಮುತ್ಯಾ ಊಟಕ್ಕೆ ಕರೆಯುತ್ತಾನೋ ಇಲ್ಲವೋ, ಮಗು ಶಾಲೆಗೆ ಹೋಗುತ್ತದೋ ಇಲ್ಲವೋ, ಸಂಜೆಯಾದರೆ ಯಾರ ಮನೆ ಕಂಡು ಬೆದರುತ್ತದೆ. ಈ ಸೂಕ್ಷ್ಮ ಊರಿನವರಿಗೆ ಕಂಡಷ್ಟು ಹೊರಗಿನ ಅಧಿಕಾರಿಗೆ ಕಾಣದು ಎಂಬುದು ನನ್ನ ದೃಢ ನಂಬಿಕೆ.

ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಕಣ್ಣು ಇನ್ನಷ್ಟು ಚುರುಕಾಗಬೇಕು. ಮಧ್ಯಾಹ್ನ ದತ್ತಾತ್ರೇಯ ಯಾವ ರೂಪದಲ್ಲಾದರೂ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆಯ ಊರು ಅದು. ಉಳ್ಳವರೂ ಜೋಳಿಗೆ ಹಿಡಿದು ಮಾಧುಕರಿ ಬೇಡುತ್ತಾರೆ. ಹುಣ್ಣಿಮೆಯ ಗದ್ದಲದಲ್ಲಿ, ಬೇಡುವುದೇ ಸೇವೆಯಾದ ಬೀದಿಯಲ್ಲಿ, ಯಾರದೋ ಬೆದರಿಕೆಗೆ ಕೈ ಚಾಚಿದ ಮಗು ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಅಂಥ ಮಗುವಿನ ಫೋಟೊ ತೆಗೆದು ಗ್ರೂಪಿಗೆ ಹಾಕಬಾರದು. 1098ಕ್ಕೆ ಕರೆ ಮಾಡಿ, ಸಿಬ್ಬಂದಿ ಬರುವವರೆಗೆ ಹತ್ತಿರದಲ್ಲೇ ನಿಲ್ಲಬೇಕು.

ಇನ್ನು ಜೇವರ್ಗಿ. ಮಗುವಿನ ಸಾಕ್ಷಿ ಇರುವ ದಿನ ಬೆಳಗಿನ ಬಸ್ಸು ಕಟ್ಟಿಸಂಗಾವಿಯ ಸೇತುವೆ ಮೇಲೆ ಭೀಮೆಯನ್ನು ದಾಟಿ, ನ್ಯಾಯಾಲಯವಿರುವ ಕಲಬುರಗಿಗೆ ಹೋಗುತ್ತದೆ. ತಾಯಿಗೆ ಆ ದಿನದ ಕೂಲಿ ಹೋಯಿತು. ಕಿಟಕಿ ಪಕ್ಕದ ಮಗು ಮೆಲ್ಲಗೆ ಕೇಳುತ್ತದೆ: "ಅಕ್ಕೋರ, ಅವನೂ ಬರ್ತಾನೇನ್ರಿ?"

ಇಲ್ಲ ಎಂದು ಸುಳ್ಳು ಹೇಳಬಾರದು. ಆರೋಪಿ ಸಾಮಾನ್ಯವಾಗಿ ನ್ಯಾಯಾಲಯಕ್ಕೆ ಬರುತ್ತಾನೆ. ಆದರೆ ಸಾಕ್ಷಿ ಹೇಳುವಾಗ ಮಗು ಅವನೆದುರು ಬೀಳದಂತೆ ನೋಡಿಕೊಳ್ಳುವುದು ನ್ಯಾಯಾಲಯದ ಹೊಣೆ. ಅವನ ವಕೀಲರು ನೇರವಾಗಿ ಪ್ರಶ್ನೆ ಕೇಳುವಂತಿಲ್ಲ, ನ್ಯಾಯಾಧೀಶರ ಮೂಲಕವೇ ಕೇಳಬೇಕು. ದಣಿವಾದರೆ ನಡುವೆ ಬಿಡುವು ಕೇಳಬಹುದು. "ಬರ್ತಾನವ್ವ, ಆದ್ರ ನಿನಗ ಕಾಣಂಗಿಲ್ಲ. ನೀರ್ ಬೇಕಾದ್ರ ಕೇಳು. ನೆನಪಿಲ್ಲಂದ್ರ ನೆನಪಿಲ್ಲ ಅನ್ನು." ಹೀಗೇ ಹೇಳು ಎಂದು ಸಾಕ್ಷಿ ಕಲಿಸಿಕೊಡುವಂತಿಲ್ಲ, ಇಷ್ಟು ಧೈರ್ಯ ತುಂಬಬಹುದು.

ಮಗುವಿನ ಸಾಕ್ಷಿಯನ್ನು 30 ದಿನದೊಳಗೆ, ವಿಚಾರಣೆಯನ್ನು ಸಾಧ್ಯವಾದಷ್ಟೂ ಒಂದು ವರ್ಷದೊಳಗೆ ಮುಗಿಸಬೇಕೆಂದು ಕಾಯ್ದೆ ಹೇಳಿದರೂ ತಾರೀಖು ಮುಂದೆ ಹೋಗುವುದುಂಟು. ಕುಟುಂಬ ಕುಸಿಯುವುದು ಆ ನಡುವಿನ ತಿಂಗಳುಗಳಲ್ಲಿ. ರಾಜಿಯಾಗೆಂದು ಹಿರಿಯರು ಮನೆಗೆ ಬರುತ್ತಾರೆ, ನೆರೆಯವರು ಮಾತು ಬಿಡುತ್ತಾರೆ, ಹುಡುಗಿಯ ಮದುವೆ ಮಾಡಿ ಕೈತೊಳೆದುಕೊಳ್ಳುವ ಮಾತೂ ಏಳುತ್ತದೆ. ಆಗ ಜೊತೆಗೆ ನಿಂತಾಕೆ ಮನೆಗೆ ಹೋಗಿ ಬರಬೇಕು, ಮುಂದಿನ ತಾರೀಖು ಹೇಳಬೇಕು, ಪರಿಹಾರದ ಅರ್ಜಿ ಯಾವ ಹಂತದಲ್ಲಿದೆಯೆಂದು ವಿಚಾರಿಸಬೇಕು. ಶಾಲೆಗೂ ಹೋಗಬೇಕು. ನಡೆದದ್ದನ್ನು ವಿವರಿಸಲಿಕ್ಕಲ್ಲ, ಗೈರುಹಾಜರಿಯ ನೆಪದಲ್ಲಿ ಹೆಸರು ಹೊಡೆದುಹಾಕಬೇಡಿ ಎನ್ನಲಿಕ್ಕೆ, ಪರೀಕ್ಷೆಯ ಅರ್ಜಿ ತುಂಬಲು ಇನ್ನೂ ಸಮಯವಿದೆಯೇ ಎಂದು ಕೇಳಲಿಕ್ಕೆ.