ಗುಳಿಗೆಯೊಳಗಿನ ಜೀವಾಣು ಗೊಬ್ಬರ

ಅನ್ನೂರು, ಪಲ್ಲಡಂ, ಉಡುಮಲೈ ಕಡೆಯ ರೈತ ಬಾಂಧವರಿಗೆ ಜೀವಾಣು ಗೊಬ್ಬರ ಹೊಸತಲ್ಲ. ಪೊಟ್ಟಣ ಅಗ್ಗ. ಆದರೆ "ಹಾಕಿದೆವು, ಏನೂ ಆಗಲಿಲ್ಲ" ಎನ್ನುವವರೂ ಇದ್ದಾರೆ. ಹೀಗಾಗಲು ಒಂದು ಮುಖ್ಯ ಕಾರಣ, ಹೊಲ ತಲುಪುವ ಮೊದಲೇ ಪೊಟ್ಟಣದೊಳಗಿನ ಜೀವಾಣುಗಳು ಸತ್ತಿರುವುದು.

ಇವು ಯೂರಿಯಾದಂತೆ ಉಪ್ಪಲ್ಲ, ಜೀವಿಗಳು. ರೈಜೋಬಿಯಂ ಕಡಲೆಕಾಯಿ, ಉದ್ದು, ಹೆಸರುಗಳ ಬೇರಿನ ಗಂಟಿನಲ್ಲಿ ಕುಳಿತು ಗಾಳಿಯ ಸಾರಜನಕವನ್ನು ಗಿಡಕ್ಕೆ ಕೊಡುತ್ತದೆ. ಜೋಳ, ಮೆಕ್ಕೆಜೋಳಕ್ಕೆ ಅಜೋಸ್ಪಿರಿಲಂ. ಮಣ್ಣಿನಲ್ಲಿ ಗಟ್ಟಿಯಾಗಿ ಕುಳಿತ ರಂಜಕವನ್ನು ಕರಗಿಸಲು ಬೇರೆಯವೇ ಇವೆ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯವು ಇವನ್ನೆಲ್ಲ ತಯಾರಿಸಿ ಮಾರುತ್ತದೆ. 2006ರಲ್ಲಿ ಕೇಂದ್ರ ಸರ್ಕಾರದ ರಸಗೊಬ್ಬರ ನಿಯಂತ್ರಣ ಆಜ್ಞೆಯೊಳಗೆ ಬಂದ ಜೀವಾಣು ಗೊಬ್ಬರಕ್ಕೆ ಅಳತೆಯೂ ಉಂಟು: ಪುಡಿಯಾದರೆ ಗ್ರಾಂಗೆ 5 ಕೋಟಿ, ದ್ರವವಾದರೆ ಮಿಲಿಲೀಟರಿಗೆ 10 ಕೋಟಿ ಜೀವಂತ ಕಣಗಳು. ಪುಡಿಯ ಆಯುಸ್ಸು ಸುಮಾರು 6 ತಿಂಗಳು. ನಮ್ಮ ಏಪ್ರಿಲ್‌ ಬಿಸಿಲಿನಲ್ಲಿ, ತಗಡಿನ ಮಾಡಿನ ಕೆಳಗೆ, ಅಷ್ಟು ದಿನ ಬಾಳುವುದು ಸಂಶಯ.

ಇದಕ್ಕೇ ವಿಜ್ಞಾನಿಗಳು ಜೀವಾಣುವಿಗೆ ಒಂದು ಹೊದಿಕೆ ಕೊಡುವ ಉಪಾಯ ಹುಡುಕಿದ್ದು. ಕಂದು ಕಡಲಪಾಚಿಯಿಂದ ಆಲ್ಜಿನೇಟ್ ಎಂಬ ಅಂಟು ಸಿಗುತ್ತದೆ; ರಾಮನಾಥಪುರದ ಮಂಡಪಂ ಕರಾವಳಿಯಲ್ಲಿ ಈ ಪಾಚಿಯನ್ನು ಸಂಗ್ರಹಿಸುತ್ತಾರೆ. ಅಂಟಿನ ನೀರಿಗೆ ಜೀವಾಣು ಬೆರೆಸಿ, ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ತೊಟ್ಟಿಕ್ಕಿಸಿದರೆ ಪ್ರತಿ ಹನಿಯೂ ನೆನೆದ ಸಬ್ಬಕ್ಕಿಯ ಕಾಳಿನಂತೆ ಗಟ್ಟಿಯಾಗುತ್ತದೆ. ಒಳಗೆ ಜೀವಾಣು ಸೆರೆ. ಮಣ್ಣಿನಲ್ಲಿ ಕಾಳು ನಿಧಾನವಾಗಿ ಕರಗಿ, ಸ್ವಲ್ಪ ಸ್ವಲ್ಪವಾಗಿ ಹೊರಗೆ ಬಿಡುತ್ತದೆ. ಅಲ್ಲಿಯವರೆಗೆ ಒಣಹವೆಯಿಂದಲೂ ಜೀವಾಣುಗಳನ್ನೇ ತಿನ್ನುವ ಮಣ್ಣಿನ ಇತರ ಸೂಕ್ಷ್ಮ ಜೀವಿಗಳಿಂದಲೂ ರಕ್ಷಣೆ. ದೋಷವಿಲ್ಲವೆಂದಲ್ಲ: ಖರ್ಚು ಹೆಚ್ಚು, ಕಾಳನ್ನು ಒಣಗಿಸುವಾಗ ಒಂದಷ್ಟು ಸಾಯುತ್ತವೆ.

ಕೋಳಿಕ್ಕೋಡಿನ ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಬೇರೆ ದಾರಿ ಹಿಡಿಯಿತು. ಔಷಧದ ಅಂಗಡಿಯಲ್ಲಿ ಸಿಗುವಂಥ ಗುಳಿಗೆಯೊಳಗೇ ಜೀವಾಣುಗಳನ್ನು ತುಂಬಿತು. ಶುಂಠಿಗೆಂದು ಆರಿಸಿದ ಬ್ಯಾಸಿಲಸ್ ಜಾತಿಯ ಜೀವಾಣುವೂ ಅದರಲ್ಲಿ ಬಂದಿದೆ. ತಂಪುಪೆಟ್ಟಿಗೆ ಬೇಡ, ಕಿಲೋಗಟ್ಟಲೆ ಪುಡಿ ಹೊರುವ ಕೆಲಸವಿಲ್ಲ, ಅಂಚೆಯಲ್ಲೂ ಕಳಿಸಬಹುದು. ಕೊಡಗಿನ ಕುಶಾಲನಗರದ ಒಂದು ಕಂಪನಿಯೂ ಇದನ್ನು ತಯಾರಿಸುವ ಪರವಾನಗಿ ಪಡೆದಿದೆ. ನೀರಿನಲ್ಲಿ ಕರಗಿಸಿ ಬುಡಕ್ಕೆ ಹಾಕುವುದು. ಕ್ಲೋರಿನ್ ಬೆರೆತ ನಲ್ಲಿನೀರು ಮಾತ್ರ ಬೇಡ.

ಗುಳಿಗೆಯನ್ನು ಮಾಯಾಮದ್ದೆಂದು ನಾವು ಹೇಳುವುದಿಲ್ಲ. ಹಟ್ಟಿಗೊಬ್ಬರ ಕಾಣದ ನೆಲದಲ್ಲಿ ಯಾವ ಜೀವಾಣುವೂ ಬಹುಕಾಲ ನಿಲ್ಲದು. ಬಣ್ಣದ ಕಾರ್ಖಾನೆಗಳ ನೀರಿನಿಂದ ಉಪ್ಪೇರಿದ ನೊಯ್ಯಲ್ ದಡದ ಹೊಲಗಳನ್ನು ಗುಳಿಗೆಯೊಂದೇ ಸರಿಪಡಿಸಲಾರದು.

ಸದ್ಯಕ್ಕೆ ಪುಡಿಯನ್ನೇ ಬಳಸುವವರು ಪೊಟ್ಟಣದ ಮೇಲಿನ ತಾರೀಖು ನೋಡಿ ಕೊಳ್ಳಿರಿ. ಆರಿದ ಅನ್ನದ ಗಂಜಿಯಲ್ಲಿ ಕಲಸಿ ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಒಣಗಿಸಿ, 24 ಗಂಟೆಯೊಳಗೆ ಬಿತ್ತಿರಿ. ಶಿಲೀಂಧ್ರನಾಶಕದೊಂದಿಗೆ ಬೆರೆಸಬೇಡಿ, ಅದನ್ನು ಹಚ್ಚಲೇಬೇಕಿದ್ದರೆ ಒಂದು ದಿನ ಮೊದಲು ಹಚ್ಚಿರಿ.