ಆಟದ ತೆರೆಯ ಮೇಲೆ ಕಳಚಿಬಿದ್ದ ಒತ್ತು

ಮೈಸೂರಿನಲ್ಲಿ ಕಂಪ್ಯೂಟರ್ ವಿಜ್ಞಾನ ಓದುತ್ತಿರುವ ಗೆಳತಿಯೊಬ್ಬಳು ಕಳೆದ ಬೇಸಿಗೆ ರಜೆಯಲ್ಲಿ ಮೊಬೈಲ್ ಫೋನಿಗಾಗಿ ಚೌಕಾಬಾರ ಆಟವೊಂದನ್ನು ತಯಾರಿಸಿದಳು. ಐದು ಮನೆ ಉದ್ದ, ಐದು ಮನೆ ಅಗಲದ ಹಾಸು, ನಾಲ್ಕು ಕವಡೆ, ನಾಲ್ಕು ಬಣ್ಣದ ಕಾಯಿಗಳು, ಎಲ್ಲವೂ ಚೆನ್ನಾಗಿ ಮೂಡಿಬಂದವು. ಆಟ ಕಲಿಸಿದ್ದು ಅಜ್ಜಿಯಾದ್ದರಿಂದ ಮೊದಲು ಆಡುವ ಗೌರವವೂ ಅಜ್ಜಿಗೇ ಸಂದಿತು. ಆಟ ಮುಗಿದು ತೆರೆಯ ನಡುವೆ ದೊಡ್ಡ ಅಕ್ಷರಗಳಲ್ಲಿ ಫಲಿತಾಂಶ ಮೂಡಿದಾಗ ಅಜ್ಜಿ ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಏನೇ ಇದು, ದಕಾರಕ್ಕೆ ಒತ್ತು ಕೊಡೋದನ್ನೇ ಮರೆತಿದೀಯಲ್ಲೇ?"

ತೆರೆಯ ಮೇಲಿದ್ದದ್ದು 'ಗೆದ್‌ದವರು'. ಗೆಳತಿ ಟೈಪ್ ಮಾಡಿದ್ದು 'ಗೆದ್ದವರು' ಎಂದೇ. ಕಡತದಲ್ಲಿ ಸರಿಯಾಗಿಯೇ ಇದ್ದ ಒತ್ತು ಆಟದೊಳಗೆ ಹೋಗುವಷ್ಟರಲ್ಲಿ ಕಳಚಿಬಿದ್ದಿತ್ತು. ಇನ್ನೂ ಸೂಕ್ಷ್ಮವಾಗಿ ನೋಡಿದರೆ ಮೊದಲ ಗಕಾರದ ತಲೆಕಟ್ಟು ಹಾಗೆಯೇ ಉಳಿದು, ಅದರ ಮೇಲೆಯೇ ಎತ್ವ ಹತ್ತಿ ಕುಳಿತಿತ್ತು. ತಪ್ಪು ಗೆಳತಿಯದಲ್ಲ, ಫೋನಿನದೂ ಅಲ್ಲ. ಅದೇ ಫೋನಿನಲ್ಲಿ ಅಜ್ಜಿ ಪ್ರತಿದಿನ ಕನ್ನಡ ಸಂದೇಶಗಳನ್ನು ಓದುತ್ತಾರೆ. ಹಾಗಾದರೆ ಒತ್ತು ಎಲ್ಲಿ ಕಳೆದುಹೋಯಿತು? ಉತ್ತರ ಹುಡುಕಲು ಸುಮಾರು ಅರ್ಧ ಶತಮಾನ ಹಿಂದಕ್ಕೆ ಹೋಗಬೇಕು.

ಲೇಬಲ್ ಎಂದರೇನು?

ಈಗ ಆಟ ತಯಾರಿಸುವವರು ಎಲ್ಲವನ್ನೂ ಸೊನ್ನೆಯಿಂದ ಕಟ್ಟುವುದಿಲ್ಲ. ಚಿತ್ರ ತೋರಿಸುವುದು, ಸದ್ದು ಹೊರಡಿಸುವುದು, ಬೆರಳಿನ ಸ್ಪರ್ಶವನ್ನು ಗುರುತಿಸುವುದು ಮುಂತಾದ ಸಾಮಾನ್ಯ ಕೆಲಸಗಳನ್ನು 'ಗೇಮ್ ಎಂಜಿನ್' ಎಂಬ ಸಿದ್ಧ ತಂತ್ರಾಂಶಕ್ಕೆ ಒಪ್ಪಿಸುತ್ತಾರೆ. ಯೂನಿಟಿ, ಅನ್‌ರಿಯಲ್, ಗೊಡೊ ಇಂಥ ಎಂಜಿನ್ನುಗಳು. ಆಟಗಾರನಿಗೆ ಮಾತಿನಲ್ಲಿ ಹೇಳಬೇಕಾದ ಸಂಗತಿಗಳಿಗೆ ಇವುಗಳಲ್ಲಿರುವ ಸಾಧನವೇ 'ಲೇಬಲ್'. ಎಷ್ಟು ಅಂಕ ಬಂತು, ಎಷ್ಟು ಜೀವ ಉಳಿದಿದೆ, ಈಗ ಯಾರ ಸರದಿ, ಗೆದ್ದವರು ಯಾರು ಎಂಬುದನ್ನೆಲ್ಲ ಹೇಳುವುದು ಇದೇ. ಡಬ್ಬಿಗೆ ಅಂಟಿಸುವ ಚೀಟಿಯ ಹಾಗೆ ತೆರೆಯ ಮೇಲೆ ಒಂದು ಜಾಗ ಗೊತ್ತುಮಾಡಿ, ಅದರಲ್ಲಿ ಇಂಥ ಪದವಿರಲಿ, ಇಷ್ಟು ದೊಡ್ಡದಿರಲಿ, ಇಂಥ ಬಣ್ಣದ್ದಿರಲಿ ಎಂದು ಹೇಳಿದರಾಯಿತು. ಇಡೀ ಆಟದಲ್ಲಿ ಇಷ್ಟು ಸುಲಭದ ಕೆಲಸ ಇನ್ನೊಂದಿಲ್ಲ ಎಂದೇ ಹೊಸಬರು ಭಾವಿಸುತ್ತಾರೆ. ಇಂಗ್ಲಿಷಿನಲ್ಲಿ ಬರೆಯುವವರೆಗೆ ಅದು ನಿಜವೂ ಹೌದು.

ಅರವತ್ತನಾಲ್ಕು ಚುಕ್ಕಿಗಳ ಮನೆ

1970ರ ದಶಕದ ಕೊನೆಯ ಆರ್ಕೇಡ್ ಆಟಗಳನ್ನು ನೆನೆಯೋಣ. ನಾಣ್ಯ ಹಾಕಿ ಆಡುವ ಆ ಯಂತ್ರಗಳಲ್ಲಿ ಸ್ಮರಣಶಕ್ತಿ ಬಹಳ ದುಬಾರಿಯಾಗಿತ್ತು. ತೆರೆಯ ಪ್ರತಿಯೊಂದು ಚುಕ್ಕಿಯನ್ನೂ ನೆನಪಿಟ್ಟುಕೊಳ್ಳುವ ಬದಲು ಅನೇಕ ಯಂತ್ರಗಳು ತೆರೆಯನ್ನು ಸಣ್ಣ ಚೌಕಗಳಾಗಿ ಹಂಚಿಕೊಂಡವು. ಜಪಾನಿನ ನಾಮ್ಕೊ ಸಂಸ್ಥೆ 1980ರಲ್ಲಿ ಹೊರತಂದ ಪ್ಯಾಕ್‌ಮ್ಯಾನ್ ಆಟದ ತೆರೆಯಲ್ಲಿ ಅಡ್ಡಲಾಗಿ 28, ಉದ್ದಕ್ಕೆ 36 ಚೌಕಗಳಿದ್ದವು. ಒಂದೊಂದು ಚೌಕವೂ 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರ. ಗೋಡೆಯ ತುಂಡು ಒಂದು ಚೌಕ, ನುಂಗುವ ಚುಕ್ಕೆ ಒಂದು ಚೌಕ, ಅಕ್ಷರವೂ ಒಂದು ಚೌಕ. ಆಟ ಆರಂಭವಾಗುವ ಮುನ್ನ ಹಳದಿ ಬಣ್ಣದಲ್ಲಿ 'ರೆಡಿ', ಮುಗಿದಾಗ ಕೆಂಪಿನಲ್ಲಿ 'ಗೇಮ್ ಓವರ್' ಎಂದು ಕಾಣಿಸುತ್ತಿದ್ದುದು ಹೀಗೆ.

ಅರವತ್ತನಾಲ್ಕು ಚುಕ್ಕಿಗಳಲ್ಲಿ, ಪಕ್ಕದ ಅಕ್ಷರಕ್ಕೆ ತಾಗದಂತೆ ಅಂಚು ಬಿಟ್ಟು, ರೋಮನ್ ದೊಡ್ಡಕ್ಷರಗಳನ್ನು ಅಂದವಾಗಿ ಕೂರಿಸಬಹುದಿತ್ತು. ಈ ಪುಟ್ಟ ಅಕ್ಷರಗಳಲ್ಲಿ ಎಷ್ಟೊಂದು ಬಗೆ ಬಂದವೆಂದರೆ, ಅಕ್ಷರ ವಿನ್ಯಾಸಕಾರ ತೋಶಿ ಓಮಗಾರಿ ಅವುಗಳ ಮೇಲೆಯೇ 2019ರಲ್ಲಿ ಒಂದು ಸಚಿತ್ರ ಪುಸ್ತಕ ಪ್ರಕಟಿಸಿದರು.

ಇಕ್ಕಟ್ಟು ಮೊದಲು ಅನುಭವಕ್ಕೆ ಬಂದದ್ದು ಜಪಾನೀಯರಿಗೇ. ಸಾವಿರಾರು ಚಿತ್ರಾಕ್ಷರಗಳಿರುವ ಅವರ ಲಿಪಿಗೆ ಈ ಚೌಕದಲ್ಲಿ ಜಾಗವಿರಲಿಲ್ಲ. ಉಚ್ಚಾರಣೆಯನ್ನಷ್ಟೇ ಸೂಚಿಸುವ ಸರಳ ಕಾನಾ ಅಕ್ಷರಗಳಲ್ಲೇ ಆಟದ ಮಾತುಗಳೆಲ್ಲ ಮುಗಿಯಬೇಕಾಯಿತು. 1986ರಲ್ಲಿ ಬಂದ ಡ್ರ್ಯಾಗನ್ ಕ್ವೆಸ್ಟ್ ಆಟ ಇಡಿಯಾಗಿ 64 ಕಿಲೊಬೈಟ್‌ಗಳಲ್ಲಿ ಅಡಗಬೇಕಿತ್ತು. ಆದ್ದರಿಂದ ಕಾನಾದ ಎರಡು ವರ್ಗಗಳಲ್ಲಿ ಒಂದಾದ ಕತಕಾನಾದಿಂದ ಸುಮಾರು ಇಪ್ಪತ್ತು ಅಕ್ಷರಗಳನ್ನು ಮಾತ್ರ ಆರಿಸಿಕೊಂಡು, ರಾಕ್ಷಸರ ಮತ್ತು ಮಂತ್ರಗಳ ಹೆಸರುಗಳನ್ನು ಅವುಗಳಲ್ಲೇ ಹೊಂದಿಸಲಾಯಿತು. ಹೆಸರಿಗೆ ತಕ್ಕ ಅಕ್ಷರ ಹುಡುಕುವ ಬದಲು ಅಕ್ಷರಕ್ಕೆ ತಕ್ಕ ಹೆಸರು ಹುಡುಕಬೇಕಾಗಿ ಬಂತು. ಭಾಷೆ ಚೌಕಕ್ಕೆ ತಲೆಬಾಗಿದ್ದು ಹೀಗೆ.

ಕಾಲಕ್ರಮದಲ್ಲಿ ಸ್ಮರಣಶಕ್ತಿ ಅಗ್ಗವಾಯಿತು, ಚೌಕದ ಗೆರೆಗಳು ಮಾಯವಾದವು. ಆದರೆ 'ಒಂದು ಅಕ್ಷರಕ್ಕೆ ಒಂದು ಮನೆ' ಎಂಬ ಲೆಕ್ಕಾಚಾರ ಮಾತ್ರ ತಂತ್ರಾಂಶಗಳ ಒಳಗೆ ಉಳಿದುಕೊಂಡಿತು.

ಅಕ್ಷರಕ್ಕೆ ಅಲಂಕಾರ

ಇಂದಿನ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಲೇಬಲ್ ಮೂಡುವ ಬಗೆ ಹೀಗಿದೆ. ಫಾಂಟ್ ಕಡತದಲ್ಲಿ ಅಕ್ಷರಗಳು ಗೆರೆಗಳ ರೂಪದಲ್ಲಿರುತ್ತವೆ. ಎಂಜಿನ್ ತನಗೆ ಬೇಕಾದ ಅಕ್ಷರಗಳನ್ನೆಲ್ಲ ಒಂದು ದೊಡ್ಡ ಚಿತ್ರದ ಮೇಲೆ ಒತ್ತೊತ್ತಾಗಿ ಬಿಡಿಸಿಟ್ಟುಕೊಳ್ಳುತ್ತದೆ. ಇದಕ್ಕೆ ಅಟ್ಲಾಸ್ ಎಂದು ಹೆಸರು. ಪದವೊಂದನ್ನು ತೋರಿಸಬೇಕಾದಾಗ ಅಟ್ಲಾಸಿನಿಂದ ಒಂದೊಂದೇ ತುಣುಕನ್ನು ಎತ್ತಿ ತೆರೆಯ ಮೇಲೆ ಸಾಲಾಗಿ ಜೋಡಿಸುತ್ತದೆ. ಹಳೆಯ ಮುದ್ರಣಾಲಯದಲ್ಲಿ ಖಾನೆಗಳಿಂದ ಮೊಳೆಗಳನ್ನು ಆಯ್ದು ಜೋಡಿಸುತ್ತಿದ್ದ ಕೆಲಸವನ್ನೇ ಇಲ್ಲಿ ಯಂತ್ರ ಸೆಕೆಂಡಿಗೆ ಅರವತ್ತು ಬಾರಿ ಮಾಡುತ್ತದೆ ಎನ್ನಬಹುದು.

ಪುಸ್ತಕದ ಪುಟದಲ್ಲಿ ಬಿಳಿಯ ಮೇಲೆ ಕಪ್ಪು ಎಂದರೆ ಮುಗಿಯಿತು. ಆಟದ ಹಿನ್ನೆಲೆ ಹಾಗಲ್ಲ, ಅದು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಕತ್ತಲ ಗುಹೆಯಲ್ಲಿ ಚೆನ್ನಾಗಿ ಕಾಣುವ ಬಿಳಿಯ ಅಕ್ಷರ ಹಿಮದ ಮೇಲೆ ಕಾಣೆಯಾಗುತ್ತದೆ. ಅದಕ್ಕಾಗಿಯೇ ಲೇಬಲ್ಲಿಗೆ ಕಪ್ಪು ಅಂಚು ಕಟ್ಟುತ್ತಾರೆ, ನೆರಳು ಕೊಡುತ್ತಾರೆ, ಹಿಂದೆ ಮಸುಕು ಪಟ್ಟಿ ಇಡುತ್ತಾರೆ. ನೋಡುವವರಿಗೆ ಇದು ಅಲಂಕಾರ. ವಾಸ್ತವವಾಗಿ ಅದು ಓದಿಗೆ ಒದಗಿಸಿದ ಅನುಕೂಲ.

ಅಕ್ಷರವನ್ನು ಹಿಗ್ಗಿಸಿದರೆ ಅಂಚು ಮಸುಕಾಗುವ ತೊಂದರೆಯೂ ಇತ್ತು. ಇದಕ್ಕೆ ಜಾಣ ಪರಿಹಾರವೊಂದನ್ನು ವಾಲ್ವ್ ಸಂಸ್ಥೆಯ ಕ್ರಿಸ್ ಗ್ರೀನ್ 2007ರ ಸಿಗ್ರಾಫ್ ಸಮ್ಮೇಳನದಲ್ಲಿ ವಿವರಿಸಿದರು. ಅಟ್ಲಾಸಿನ ಒಂದೊಂದು ಚುಕ್ಕಿಯಲ್ಲೂ ಕಪ್ಪೋ ಬಿಳುಪೋ ಎಂದು ಬರೆದಿಡುವ ಬದಲು, ಅಕ್ಷರದ ಅಂಚು ಅಲ್ಲಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಬರೆದಿಡುವುದೇ ಆ ಉಪಾಯ. ಸಣ್ಣದೊಂದು ಚಿತ್ರದಿಂದಲೇ ದೊಡ್ಡ ಅಕ್ಷರ ಚೂಪಾಗಿ ಮೂಡುತ್ತದೆ. ಅಂಚಿನಿಂದ ಇಷ್ಟು ದೂರದವರೆಗೆ ಕಪ್ಪು ಬಳಿ ಎಂದರೆ ಅಂಚುಪಟ್ಟಿ, ಹೊರಗೆ ಹೋದಂತೆ ಬಣ್ಣ ತೆಳುಗೊಳಿಸು ಎಂದರೆ ಪ್ರಭೆ. ಯೂನಿಟಿ ಬಳಸುವವರಿಗೆ ಚಿರಪರಿಚಿತವಾದ ಟೆಕ್ಸ್ಟ್‌ಮೆಶ್ ಪ್ರೊ ನಿಂತಿರುವುದು ಇದೇ ತತ್ತ್ವದ ಮೇಲೆ.

ಎಂಟು ಸಂಕೇತ, ನಾಲ್ಕು ಅಕ್ಷರ

ಹೀಗೆ ಅಕ್ಷರದ ಬಟ್ಟೆಬರೆ ಸುಧಾರಿಸಿತು. ಅಕ್ಷರವನ್ನು ಆರಿಸುವ ಕ್ರಮ ಮಾತ್ರ ಅನೇಕ ಎಂಜಿನ್ನುಗಳಲ್ಲಿ ಹಾಗೆಯೇ ಉಳಿಯಿತು. ಇಂಗ್ಲಿಷಿಗೆ ಅದು ಸಾಕು. ಆಸ್ಕಿ ಸಂಕೇತಪದ್ಧತಿಯಲ್ಲಿ ಅಚ್ಚಿಗೆ ಬರುವ ಚಿಹ್ನೆಗಳು, ಖಾಲಿ ಜಾಗವೂ ಸೇರಿದಂತೆ, 95 ಮಾತ್ರ. 95 ಸಂಕೇತಕ್ಕೆ 95 ಚಿತ್ರ.

ಕನ್ನಡದ ಲೆಕ್ಕ ಬೇರೆ. 1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ಈ ಪದ್ಧತಿಯಲ್ಲಿ ಸ್ವರ, ವ್ಯಂಜನ, ಸ್ವರಚಿಹ್ನೆ, ವಿರಾಮಚಿಹ್ನೆಗಳಿಗೆ ಸಂಕೇತಗಳಿವೆ. ಒತ್ತಕ್ಷರಗಳಿಗೆ ಪ್ರತ್ಯೇಕ ಸಂಕೇತವಿಲ್ಲ. ಇಲ್ಲಿ ವಿರಾಮವೆಂದರೆ ವ್ಯಂಜನದ ಅಕಾರವನ್ನು ತೆಗೆದುಹಾಕುವ ಚಿಹ್ನೆ. ವ್ಯಂಜನ, ವಿರಾಮ, ಮತ್ತೆ ವ್ಯಂಜನ ಎಂದು ಬರೆದಿದ್ದರೆ ಎರಡನೆಯದನ್ನು ಒತ್ತಾಗಿ ಕೆಳಗಿಳಿಸಬೇಕೆಂದು ಓದುವ ತಂತ್ರಾಂಶವೇ ತಿಳಿದುಕೊಳ್ಳಬೇಕು. 'ಗೆದ್ದವರು' ಕಣ್ಣಿಗೆ ನಾಲ್ಕು ಅಕ್ಷರ. ಕಂಪ್ಯೂಟರಿನ ಒಳಗೆ ಅದು ಗಕಾರ, ಎತ್ವ, ದಕಾರ, ವಿರಾಮ, ದಕಾರ, ವಕಾರ, ರಕಾರ, ಕೊಂಬು ಎಂಬ ಎಂಟು ಸಂಕೇತ. ಒಂದು ಸಂಕೇತಕ್ಕೆ ಒಂದು ಚಿತ್ರ ಎಂದು ನಂಬಿದ ಎಂಜಿನ್ ಎಂಟನ್ನೂ ಪ್ರಾಮಾಣಿಕವಾಗಿ ಸಾಲಾಗಿ ನಿಲ್ಲಿಸುತ್ತದೆ. ಅಜ್ಜಿ ಕಂಡದ್ದು ಅದನ್ನೇ.

'ಕರ್ನಾಟಕ' ಎಂಬ ಪದದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಉಚ್ಚಾರಣೆಯಲ್ಲಿ ಮೊದಲು ಬರುವ ರಕಾರ ಬರವಣಿಗೆಯಲ್ಲಿ ಅರ್ಕಾವೊತ್ತಾಗಿ 'ನಾ' ದಾಟಿ ಬಲಕ್ಕೆ ಹೋಗುತ್ತದೆ. ಸಂಕೇತಗಳ ಅನುಕ್ರಮವೇ ಬೇರೆ, ಕಣ್ಣಿಗೆ ಕಾಣುವ ಅನುಕ್ರಮವೇ ಬೇರೆ. ಇದನ್ನು ತಿಳಿಯದ ಲೇಬಲ್ಲಿನಲ್ಲಿ ನಮ್ಮ ನಾಡಿನ ಹೆಸರೇ ತಪ್ಪಾಗಿ ಮೂಡುತ್ತದೆ.

ಕಲ್ಲಚ್ಚಿನ ನೆನಪು

ಈ ತೊಡಕು ಕನ್ನಡಕ್ಕೆ ಹೊಸದೇನಲ್ಲ. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾದಾಗಲೇ ನಮ್ಮ ಅಕ್ಷರಗಳನ್ನು ಸೀಸದ ಮೊಳೆಗಳಾಗಿ ಒಡೆದು ಜೋಡಿಸುವ ಕಷ್ಟ ಎದುರಾಗಿತ್ತು. ಮುಂದೆ 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಮುದ್ರಣವಾಯಿತು. ಕಲ್ಲಚ್ಚಿನಲ್ಲಿ ಮೊಳೆಯ ಗೊಡವೆಯಿಲ್ಲ, ಕೈಬರಹವೇ ಕಲ್ಲಿನ ಮೇಲಿಂದ ಕಾಗದಕ್ಕೆ ಇಳಿಯುತ್ತದೆ. ಒತ್ತು ಕಳಚುವ ಭಯವಿಲ್ಲ. ಆದರೆ ಒಂದಕ್ಷರ ತಿದ್ದಬೇಕಾದರೂ ಕಲ್ಲನ್ನೇ ತಿದ್ದಬೇಕು.

ಇಂದಿನ ಆಟಗಾರಿಕೆಯಲ್ಲೂ ಕಲ್ಲಚ್ಚಿನವರಿದ್ದಾರೆ. ಕನ್ನಡದ ಪದವನ್ನು ಬೇರೆ ತಂತ್ರಾಂಶದಲ್ಲಿ ಬರೆದು, ಅದನ್ನು ಚಿತ್ರವಾಗಿಸಿ, ಲೇಬಲ್ಲಿನ ಬದಲು ಆ ಚಿತ್ರವನ್ನೇ ಅಂಟಿಸುವುದು ಅವರ ದಾರಿ. ಗುಂಡಿಯ ಮೇಲಿನ ಹೆಸರಿಗೆ ಇದು ನಡೆಯುತ್ತದೆ. ಆಟಗಾರನ ಹೆಸರನ್ನು ಕೇಳಿ ತೋರಿಸಬೇಕಾದರೆ ನಡೆಯುವುದಿಲ್ಲ, ಹೆಸರು ಮೊದಲೇ ಗೊತ್ತಿರುವುದಿಲ್ಲವಲ್ಲ. ಇನ್ನೊಂದು ದಾರಿ, ಹಳೆಯ ಡಿಟಿಪಿ ಫಾಂಟುಗಳದು. ಒತ್ತು, ಕೊಂಬು, ತಲೆಕಟ್ಟುಗಳ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಅಡಗಿಸಿಟ್ಟ ಫಾಂಟುಗಳವು. ಎಂಜಿನ್ ತಾನು ಇಂಗ್ಲಿಷ್ ಬರೆಯುತ್ತಿದ್ದೇನೆಂದು ತಿಳಿಯುತ್ತದೆ, ತೆರೆಯಲ್ಲಿ ಕನ್ನಡ ಕಾಣುತ್ತದೆ. ಆದರೆ ಆ ಪಠ್ಯವನ್ನು ಹುಡುಕಲಾಗದು, ಕುರುಡರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅದು ಅರ್ಥವಾಗದು.

ಸರಿಯಾದ ದಾರಿಯೆಂದರೆ ಲಿಪಿಯ ವ್ಯಾಕರಣ ಬಲ್ಲ ಮಧ್ಯವರ್ತಿಯೊಬ್ಬನನ್ನು ಎಂಜಿನ್ನಿನಲ್ಲೇ ಕೂರಿಸುವುದು. ಸಂಕೇತಗಳ ಸಾಲನ್ನು ಓದಿ, ಯಾವುದು ಒತ್ತಾಗಬೇಕು, ಯಾವುದು ಪಕ್ಕಕ್ಕೆ ಸರಿಯಬೇಕು, ಎಲ್ಲಿ ತಲೆಕಟ್ಟು ಕಳೆಯಬೇಕು ಎಂದು ಫಾಂಟಿನ ನಿಯಮಗಳಂತೆ ನಿರ್ಧರಿಸುವುದು ಈ ಮಧ್ಯವರ್ತಿಯ ಕೆಲಸ. ಇವುಗಳಲ್ಲಿ ಹೆಸರಾದದ್ದು ಹಾರ್ಫ್‌ಬಜ್. ಇರಾನ್ ಮೂಲದ ಬೆಹದಾದ್ ಇಸ್ಫಹ್‌ಬೋದ್ ಇದರ ಪ್ರಮುಖ ನಿರ್ಮಾಪಕರು. ಪಾರಸಿಯಲ್ಲಿ 'ಹರ್ಫ್' ಎಂದರೆ ಅಕ್ಷರ, 'ಬಾಜ್' ಎಂದರೆ ತೆರೆದದ್ದು. ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಸರಿಯಾಗಿ ಕಾಣುವುದು ಇದರ ನೆರವಿನಿಂದಲೇ. ಆದರೆ ಆಟದ ಎಂಜಿನ್ ಫೋನಿನ ಈ ಸೌಲಭ್ಯ ಬಳಸದೆ ತನ್ನ ಅಕ್ಷರಗಳನ್ನು ತಾನೇ ಬಿಡಿಸಿಕೊಳ್ಳುತ್ತದೆ. ಸಂದೇಶದಲ್ಲಿ ಉಳಿದ ಒತ್ತು ಆಟದಲ್ಲಿ ಕಳೆದದ್ದರ ಗುಟ್ಟು ಇದು.

ಅರ್ಜೆಂಟೀನಾದಲ್ಲಿ ಹುಟ್ಟಿದ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಗೊಡೊ ಎಂಜಿನ್ 2023ರ ಮಾರ್ಚ್‌ನಲ್ಲಿ ಬಂದ ತನ್ನ ನಾಲ್ಕನೆಯ ಆವೃತ್ತಿಯಲ್ಲಿ ಹಾರ್ಫ್‌ಬಜ್ ಅಳವಡಿಸಿಕೊಂಡಿತು. 2024ರಲ್ಲಿ ಬಂದ ಯೂನಿಟಿ 6 ಸಹ ಇದನ್ನೇ ಆಧರಿಸಿದ ಹೊಸ ಪಠ್ಯವ್ಯವಸ್ಥೆಯೊಂದನ್ನು ಪರಿಚಯಿಸಿತು.

ಧನವೋ, ದನವೋ?

ಒತ್ತು ಸರಿಹೋದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮೊದಲು ಫಾಂಟಿನಲ್ಲಿ ಕನ್ನಡವಿರಬೇಕು. ಇಲ್ಲದಿದ್ದರೆ ಅಕ್ಷರದ ಜಾಗದಲ್ಲಿ ಖಾಲಿ ಡಬ್ಬಿಗಳು ಮೂಡುತ್ತವೆ. ತಂತ್ರಜ್ಞರು ಇದನ್ನು ಜಪಾನಿನ ಸೋಯಾ ಗಿಣ್ಣಿಗೆ ಹೋಲಿಸಿ 'ತೋಫು' ಎನ್ನುತ್ತಾರೆ. ಗೂಗಲ್ ಸಂಸ್ಥೆಯ 'ನೋಟೊ' ಫಾಂಟುಗಳ ಹೆಸರಿನ ಅರ್ಥವೇ 'ತೋಫು ಬೇಡ' ಎಂದು.

ಇಂಗ್ಲಿಷಿನ ಅಳತೆಗೆ ಮಾಡಿದ ಚೌಕಟ್ಟಿನಲ್ಲಿ ಕನ್ನಡದ ಒತ್ತಿನ ಬುಡ ಕತ್ತರಿಸಿಹೋಗುವುದುಂಟು. ಎರಡೆರಡು ಒತ್ತುಗಳ 'ಸ್ತ್ರೀ', 'ರಾಷ್ಟ್ರ' ಎಂಬ ಪದಗಳನ್ನು ಹಾಕಿ ನೋಡಿದರೆ ಲೇಬಲ್ಲಿನ ಎತ್ತರ ಸಾಕೇ ಎಂಬುದು ಕೂಡಲೇ ತಿಳಿಯುತ್ತದೆ. ಮಾತನ್ನು ಒಂದೊಂದೇ ಅಕ್ಷರವಾಗಿ ಮೂಡಿಸುವ ಟೈಪ್‌ರೈಟರ್ ಚಮತ್ಕಾರವನ್ನು ಸಂಕೇತಗಳ ಲೆಕ್ಕದಲ್ಲಿ ಮಾಡಿದರೆ 'ಗೆದ್ದ' ಎಂಬುದು ಗ, ಗೆ, ಗೆದ, ಗೆದ್ ಎಂದು ವೇಷ ಬದಲಿಸುತ್ತ ಬರುತ್ತದೆ.

ಇನ್ನು ಅಂಚುಪಟ್ಟಿ. ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಬುಡದ ಒಂದು ಸಣ್ಣ ಸೀಳು. ಪುಟ್ಟ ಅಕ್ಷರಕ್ಕೆ ದಪ್ಪ ಅಂಚು ಕಟ್ಟಿದರೆ ಆ ಸೀಳು ಮುಚ್ಚಿಹೋಗುತ್ತದೆ. ಆಟಗಾರ ಕಷ್ಟಪಟ್ಟು ಗಳಿಸಿದ 'ಧನ 500' ತೆರೆಯ ಮೇಲೆ 'ದನ 500' ಆಗಿಬಿಟ್ಟರೆ ನಗಬೇಕೋ ಅಳಬೇಕೋ!

ಮಾರುಕಟ್ಟೆಯ ಆಟಗಳ ಎಣಿಕೆಯಲ್ಲಿ ಇವೆಲ್ಲ ಸಣ್ಣ ಸಂಗತಿಗಳಿರಬಹುದು. ಆದರೆ ಕನ್ನಡ ಮಾತ್ರ ಓದಬಲ್ಲವರಿಗೆ ಆ ಲೇಬಲ್ಲೇ ಆಟದ ಬಾಗಿಲು. ಅಲ್ಲಿ ಅಕ್ಷರ ಮುರಿದಿದ್ದರೆ ಇದು ತಮಗಾಗಿ ಮಾಡಿದ್ದಲ್ಲ ಎಂದು ಅವರು ಫೋನನ್ನು ಪಕ್ಕಕ್ಕಿಡುತ್ತಾರೆ. ಒತ್ತು ಸರಿಹೋಗದೆಂದು ಬೇಸತ್ತು ಇಂಗ್ಲಿಷಿನಲ್ಲೇ ಬರೆದುಬಿಡುವ ತಯಾರಕರೂ ಇದ್ದಾರೆ.

ಗೆಳತಿ ಹಾಗೆ ಮಾಡಲಿಲ್ಲ. ಲಿಪಿ ಬಲ್ಲ ಎಂಜಿನ್ನಿಗೆ ಆಟವನ್ನು ಬದಲಾಯಿಸಿ, ಕನ್ನಡದ ಫಾಂಟ್ ಸೇರಿಸಿ, ಚೌಕಟ್ಟನ್ನು ಎತ್ತರಿಸಿ, ಅಂಚನ್ನು ತೆಳುಗೊಳಿಸಿದಳು. ಎರಡು ವಾರದ ಕೆಲಸವಾಯಿತು. ಮತ್ತೆ ಆಡಿದ ಅಜ್ಜಿ ಈ ಬಾರಿ ಅಕ್ಷರದ ಮಾತೇ ಎತ್ತಲಿಲ್ಲ. ತಾವು ಸೋತದ್ದು ಹೇಗೆಂದು ತಕರಾರು ತೆಗೆದರು: "ನಿನ್ನ ಕವಡೆ ಸರಿಯಾಗಿ ಬೀಳ್ತಿಲ್ಲ ಕಣೇ, ಇನ್ನೊಂದಾಟ ಹಾಕು."